ಹಂಚಿಕೊಂಡ ಪುಟದಲ್ಲಿ ಇಂಗ್ಲಿಷ್: ಬರೆಯುವವರು ಯಾರು, ಸುಮ್ಮನಾಗುವವರು ಯಾರು?

ನಾನು ಬಿ.ಇಡಿ ವಿದ್ಯಾರ್ಥಿನಿ. ಕೆಂಗೇರಿ ಉಪನಗರದಲ್ಲಿ ಮನೆ. ಇಂಟರ್ನ್‌ಶಿಪ್‌ಗೆಂದು ಬಸವೇಶ್ವರನಗರದ ಕಡೆಯ ಒಂದು ಅನುದಾನಿತ ಪ್ರೌಢಶಾಲೆಗೆ ನನ್ನನ್ನು ಹಾಕಿದ್ದರು. ಒಂಬತ್ತನೇ ತರಗತಿ, ಇಂಗ್ಲಿಷ್ ಪಾಠ, ಮೂವತ್ತೆಂಟು ಮಕ್ಕಳು. ಶಾಲೆಗೆ ಮೊಬೈಲ್ ತರುವಂತಿಲ್ಲ. ಆದರೆ ಕಂಪ್ಯೂಟರ್ ಲ್ಯಾಬ್ ಇತ್ತು, ಅದರಲ್ಲಿ ಹನ್ನೊಂದು ಕಂಪ್ಯೂಟರ್‌ಗಳು ಕೆಲಸ ಮಾಡುತ್ತಿದ್ದವು. ಕಾಲೇಜಿನಲ್ಲಿ 'ಸಹಭಾಗಿ ಕಲಿಕೆ' ಎಂಬ ಪಾಠವನ್ನು ಆಗಷ್ಟೇ ಓದಿದ್ದೆ. ಎಲ್ಲರೂ ಒಟ್ಟಿಗೆ ಒಂದೇ ಗೂಗಲ್ ಡಾಕ್ಸ್ ಪುಟದಲ್ಲಿ ಬರೆದರೆ ಎಷ್ಟು ಚೆನ್ನ ಅನ್ನಿಸಿತು.

ಹಾಗೇ ಮಾಡಿದೆ. ಲಿಂಕ್ ಇದ್ದವರೆಲ್ಲ ಬರೆಯಬಹುದು ಎಂದು ಸೆಟ್ ಮಾಡಿ, ಪುಟದ ಮೇಲೆ 'ಮೈ ನೇಬರ್‌ಹುಡ್' ಎಂದು ಶೀರ್ಷಿಕೆ ಕೊಟ್ಟು, ಪ್ರತಿಯೊಬ್ಬರೂ ಎರಡು ವಾಕ್ಯ ಬರೆಯಿರಿ ಅಂದೆ. ಖಾತೆಯಿಲ್ಲದೆ ಒಳಗೆ ಬಂದವರಿಗೆ ಗೂಗಲ್ ಯಾವುದೋ ಪ್ರಾಣಿಯ ಹೆಸರು ಕೊಡುತ್ತದಲ್ಲ, ಅನಾಮಧೇಯ ಕ್ಯಾಪಿಬಾರ, ಅನಾಮಧೇಯ ಆಮೆ ಅಂತ. ಅದನ್ನು ಕಂಡು ಲ್ಯಾಬಿನಲ್ಲಿ ನಗುವೋ ನಗು. ಹತ್ತು ನಿಮಿಷದಲ್ಲಿ ಪುಟ ತುಂಬಿತು. ಯಾವತ್ತೂ ಬಾಯಿ ಬಿಡದ ಹುಡುಗರೂ ಬರೆಯುತ್ತಿದ್ದರು. ಗೆದ್ದೆ ಅಂದುಕೊಂಡೆ.

ಒಬ್ಬ ಹುಡುಗಿ 'ಐ ಗೋ ಟು ಸ್ಕೂಲ್ ಬೈ ವಾಕ್' ಎಂದು ಬರೆದಿದ್ದಳು. ಆಕೆಯ ತಾಯಿ ಹೂವಿನ ವ್ಯಾಪಾರ ಮಾಡುತ್ತಾರೆ. ಆ ವಾಕ್ಯದ ಕೆಳಗೆ ಯಾರೋ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದರು: 'ಇಂಗ್ಲಿಷ್ ಬರ್ದಿದ್ರೆ ಹೂ ಮಾರೋಕೆ ಹೋಗು.' ನಾನು ಅಳಿಸುವಷ್ಟರಲ್ಲಿ ಹನ್ನೊಂದೂ ಪರದೆಗಳಲ್ಲಿ ಅದು ಕಂಡಿತ್ತು. ಹುಡುಗಿ ಕೀಬೋರ್ಡಿನಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು. ಯಾರು ಬರೆದದ್ದೆಂದು ಪುಟದ ಬದಲಾವಣೆಗಳ ಇತಿಹಾಸ ತೆಗೆದು ನೋಡಿದೆ. ಅಲ್ಲಿಯೂ ಅನಾಮಧೇಯವೇ. ಸಂಜೆ ಅವಳ ಬಳಿ ಕ್ಷಮೆ ಕೇಳಿದೆ. 'ಪರವಾಗಿಲ್ಲ ಮಿಸ್, ನಾನು ನೋಟ್‌ಬುಕ್ಕಲ್ಲೇ ಬರೀತೀನಿ ಬಿಡಿ' ಅಂದಳು.

ಆ ದಿನ ಮೆಟ್ರೊದಲ್ಲಿ ಮನೆಗೆ ಬರುವಾಗ ತಲೆ ತುಂಬ ಒಂದೇ ಪ್ರಶ್ನೆ. ತಪ್ಪು ಯಾರದು? ಬರೆದ ಹುಡುಗನದು ಹೌದು. ಆದರೆ ಹೆಸರಿಲ್ಲದ ಪುಟ ತೆರೆದುಕೊಟ್ಟವಳು ನಾನು. ಅದಕ್ಕಿಂತ ಮುಖ್ಯವಾಗಿ, ಮಕ್ಕಳಿಗೆ ಒಟ್ಟಿಗೆ ಬರೆಯಲು ಕಾರಣವನ್ನೇ ನಾನು ಕೊಟ್ಟಿರಲಿಲ್ಲ. ಎಲ್ಲರೂ ತಮ್ಮ ತಮ್ಮ ಎರಡು ವಾಕ್ಯ ಬರೆಯುವುದಾದರೆ ಪುಟ ಒಂದೇ ಯಾಕಿರಬೇಕು? ಅದು ಸಹಭಾಗಿತ್ವ ಅಲ್ಲ, ಎಲ್ಲರ ತಪ್ಪುಗಳನ್ನೂ ಒಂದೇ ಗೋಡೆಗೆ ಅಂಟಿಸಿದ ಹಾಗೆ.

ನಮ್ಮ ಪಕ್ಕದಲ್ಲೇ ಇದ್ದ ಉತ್ತರ

ಪರ್ಪಲ್ ಲೈನ್‌ನಲ್ಲಿ ಓಡಾಡುವವರಿಗೆ ಜ್ಞಾನಭಾರತಿ ನಿಲ್ದಾಣ ಗೊತ್ತು. 2021ರ ಆಗಸ್ಟ್‌ನಲ್ಲಿ ಕೆಂಗೇರಿವರೆಗೆ ಮೆಟ್ರೊ ಬಂದ ಮೇಲೆ ನಮ್ಮಂಥವರ ದಿನವೇ ಬದಲಾಯಿತು. ಅದೇ ಜ್ಞಾನಭಾರತಿಯ ಆವರಣದಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. 1963ರಲ್ಲಿ ಶುರುವಾದ ಈ ಸಂಸ್ಥೆ ದಕ್ಷಿಣದ ರಾಜ್ಯಗಳ ಇಂಗ್ಲಿಷ್ ಶಿಕ್ಷಕರಿಗೆ ತರಬೇತಿ ಕೊಡುತ್ತದೆ. ಜಗತ್ತಿನ ಭಾಷಾ ಬೋಧನೆಯ ಪುಸ್ತಕಗಳಲ್ಲಿ 'ಬೆಂಗಳೂರು ಪ್ರಾಜೆಕ್ಟ್' ಎಂದು ಹೆಸರಾದ ಪ್ರಯೋಗಕ್ಕೂ ಈ ಸಂಸ್ಥೆಗೂ ನಂಟಿದೆ. ಇದನ್ನು ನಾನು ಓದಿದ್ದು ಪರೀಕ್ಷೆಗೆ, ಐದು ಅಂಕದ ಟಿಪ್ಪಣಿಯಾಗಿ. ಲ್ಯಾಬಿನ ಘಟನೆಯ ನಂತರ ಮತ್ತೆ ಓದಿದೆ.

1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ ಬೆಂಗಳೂರೂ ಸೇರಿ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಈ ಪ್ರಯೋಗ ನಡೆಯಿತು. ಪ್ರಭು ಆಗ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದರು. ಅವರ ವಾದ ಸರಳ. ವ್ಯಾಕರಣದ ನಿಯಮವನ್ನು ಹೇಳಿಕೊಟ್ಟು ಅಭ್ಯಾಸ ಮಾಡಿಸುವ ಬದಲು ಮಕ್ಕಳ ಮುಂದೆ ಒಂದು ಸಮಸ್ಯೆ ಇಡಿ. ರೈಲಿನ ವೇಳಾಪಟ್ಟಿ ಕೊಟ್ಟು ಯಾವ ಗಾಡಿ ಹಿಡಿಯಬೇಕು ಎಂದು ಕೇಳಿ, ನಕ್ಷೆ ಕೊಟ್ಟು ದಾರಿ ಕೇಳಿ. ಅರ್ಥದ ಹಿಂದೆ ಬಿದ್ದಾಗ ಭಾಷೆ ತಾನಾಗಿ ಮನಸ್ಸಿನಲ್ಲಿ ರೂಪುಗೊಳ್ಳುತ್ತದೆ. ಇಂದು 'ಟಾಸ್ಕ್ ಆಧಾರಿತ ಬೋಧನೆ' ಎಂದು ಪ್ರಪಂಚವೆಲ್ಲ ಮಾತಾಡುವ ವಿಧಾನಕ್ಕೆ ಇದು ಆರಂಭದ ಪ್ರಯೋಗಗಳಲ್ಲಿ ಒಂದು. 1987ರಲ್ಲಿ ಅವರ 'ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ' ಪುಸ್ತಕ ಬಂತು. ಆ ಮಕ್ಕಳ ಮುಂದೆ ಕಂಪ್ಯೂಟರ್ ಇರಲಿಲ್ಲ. ಇದ್ದದ್ದು ಕಪ್ಪುಹಲಗೆ, ಸೀಮೆಸುಣ್ಣ, ಕಾಗದ ಅಷ್ಟೇ.

ಪ್ರಭು ಟಾಸ್ಕ್‌ಗಳನ್ನು ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಒಬ್ಬರಿಗೆ ಗೊತ್ತಿರುವ ಮಾಹಿತಿ ಇನ್ನೊಬ್ಬರಿಗೆ ಗೊತ್ತಿಲ್ಲದಿದ್ದರೆ ಅದು ಮಾಹಿತಿಯ ಅಂತರ. ಇರುವ ಮಾಹಿತಿಯಿಂದ ಹೊಸದೊಂದನ್ನು ಯೋಚಿಸಿ ತೆಗೆಯಬೇಕಾದರೆ ಅದು ತರ್ಕದ ಅಂತರ. ಒಬ್ಬೊಬ್ಬರ ಅನಿಸಿಕೆ ಬೇರೆ ಬೇರೆಯಾದರೆ ಅಭಿಪ್ರಾಯದ ಅಂತರ. ಅಂತರ ಇದ್ದಾಗ ಮಾತಿಗೆ ಕೆಲಸ ಸಿಗುತ್ತದೆ. ನನ್ನ 'ಮೈ ನೇಬರ್‌ಹುಡ್' ಪಾಠದಲ್ಲಿ ಯಾವ ಅಂತರವೂ ಇರಲಿಲ್ಲ. ಇನ್ನೊಬ್ಬರ ವಾಕ್ಯ ಯಾರಿಗೂ ಬೇಕಾಗಿರಲಿಲ್ಲ. ಬೇಡದ ವಾಕ್ಯವನ್ನು ಓದಿದವರಿಗೆ ಅದರಲ್ಲಿ ಕಾಣುವುದು ತಪ್ಪು ಮಾತ್ರ.

ಅಜ್ಜಿಗೆ ದಾರಿ ಹೇಳುವ ಪಾಠ

ಎರಡು ವಾರದ ನಂತರ ಮತ್ತೆ ಲ್ಯಾಬಿಗೆ ಹೋದೆವು. ಈ ಸಲ ಆರು ಕಂಪ್ಯೂಟರ್‌ಗಳ ಗುಂಪಿಗೆ ಒಂದು ಚೀಟಿ, ಐದಕ್ಕೆ ಇನ್ನೊಂದು. ಮೊದಲನೆಯದರಲ್ಲಿ ಕೆಂಗೇರಿಯಿಂದ ರಾಜಾಜಿನಗರಕ್ಕೆ ಮೆಟ್ರೊ ದಾರಿ ಇತ್ತು: ಪರ್ಪಲ್ ಲೈನ್ ಹಿಡಿದು ಮೆಜೆಸ್ಟಿಕ್, ಅಲ್ಲಿ ಇಳಿದು ಗ್ರೀನ್ ಲೈನ್, ಮಾದಾವರದ ಕಡೆ ಹೋಗುವ ಗಾಡಿ. ಎರಡನೆಯದರಲ್ಲಿ ಒಬ್ಬ ಅಜ್ಜಿಯ ವಿವರ. ಅವರಿಗೆ ಮಂಡಿನೋವು, ಇಂಗ್ಲಿಷ್ ಓದಲು ಬರುವುದಿಲ್ಲ, ಕೈಯಲ್ಲಿ ಭಾರದ ಚೀಲ, ಹನ್ನೊಂದು ಗಂಟೆಗೆ ಮೊಮ್ಮಗನ ಶಾಲೆಯಲ್ಲಿರಬೇಕು. ಅಜ್ಜಿಯ ಜೊತೆ ಫೋನಿನಲ್ಲಿ ಮಾತಾಡುವ, ಇಂಗ್ಲಿಷ್ ಮಾತ್ರ ಬರುವ ಪಕ್ಕದ ಮನೆಯವರಿಗೆ ಎರಡೂ ಗುಂಪು ಸೇರಿ ಸೂಚನೆ ಬರೆದುಕೊಡಬೇಕು. ಒಂದು ಗುಂಪಿಗೆ ದಾರಿ ಗೊತ್ತು, ಅಜ್ಜಿ ಗೊತ್ತಿಲ್ಲ. ಇನ್ನೊಂದಕ್ಕೆ ಅಜ್ಜಿ ಗೊತ್ತು, ದಾರಿ ಗೊತ್ತಿಲ್ಲ.

ಪುಟದಲ್ಲಿ ಕೋಷ್ಟಕ ಹಾಕಿ ಪ್ರತಿ ಕಂಪ್ಯೂಟರ್‌ಗೂ ಒಂದು ಸಂಖ್ಯೆಯ ಮನೆ ಕೊಟ್ಟಿದ್ದೆ. ಬರೆದದ್ದಕ್ಕೆ ಆ ಸಂಖ್ಯೆಯ ಮೂರ್ನಾಲ್ಕು ಜನ ಒಟ್ಟಿಗೆ ಹೊಣೆ. ಒಬ್ಬೊಬ್ಬರ ಹೆಸರೂ ಬಯಲಿಗೆ ಬರುವುದಿಲ್ಲ, ಪೂರ್ತಿ ಅನಾಮಧೇಯವೂ ಅಲ್ಲ. ಬೇರೆಯವರ ಮನೆಯೊಳಗೆ ಬರೆಯುವಂತಿಲ್ಲ, ಪಕ್ಕದಲ್ಲಿ ಟಿಪ್ಪಣಿಯಾಗಿ ಪ್ರಶ್ನೆ ಕೇಳಬಹುದು. ಇಷ್ಟೇ ನಿಯಮ.

ಆ ಹುಡುಗಿ ಮೊದಲ ಹದಿನೈದು ನಿಮಿಷ ಏನೂ ಬರೆಯಲಿಲ್ಲ. ಆಮೇಲೆ ಏಳನೇ ಮನೆಯಲ್ಲಿ ಒಂದು ವಾಕ್ಯ ಬಂತು: 'ಗ್ರ್ಯಾಂಡ್‌ಮದರ್ ಶುಡ್ ನಾಟ್ ಗೋ ಇನ್ ಏಟ್ ಥರ್ಟಿ, ದಟ್ ಟೈಮ್ ಫುಲ್ ರಶ್.' ಬೆಳಗಿನ ಗಾಡಿಯ ನೂಕುನುಗ್ಗಲು ಅವಳಿಗೆ ಗೊತ್ತು, ಚೀಲ ಹೊತ್ತ ಅಮ್ಮನ ಜೊತೆ ಓಡಾಡಿದವಳು. ಎರಡನೇ ಕಂಪ್ಯೂಟರ್‌ನಿಂದ ಟಿಪ್ಪಣಿ ಬಂತು: 'ದೆನ್ ವಾಟ್ ಟೈಮ್ ಈಸ್ ಗುಡ್?' ಅವಳು 'ಆಫ್ಟರ್ ನೈನ್ ಥರ್ಟಿ' ಎಂದು ಬರೆದಳು. ಮುಂದುವರಿದು ಲಿಫ್ಟ್ ಎಲ್ಲಿದೆ ಎಂದು ಸೆಕ್ಯೂರಿಟಿಯವರನ್ನು ಕೇಳಬೇಕು ಎಂದೂ ಸೇರಿಸಿದಳು. ಅವಳ ವ್ಯಾಕರಣ ಹಿಂದಿನ ಸಲಕ್ಕಿಂತ ಉತ್ತಮವೇನೂ ಆಗಿರಲಿಲ್ಲ. ಆದರೆ ಈ ಸಲ ಅವಳಿಗೆ ಗೊತ್ತಿದ್ದುದು ಇತರರಿಗೆ ಬೇಕಾಗಿತ್ತು. ಯಾರೂ ನಗಲಿಲ್ಲ.

ಇಷ್ಟರಿಂದ ಅವಳ ಇಂಗ್ಲಿಷ್ ಸರಿಹೋಯಿತು ಎಂದು ನಾನು ಹೇಳುವುದಿಲ್ಲ. ಇಂಟರ್ನ್‌ಶಿಪ್ ಮುಗಿಯುವವರೆಗೆ ಅವಳು ಹಂಚಿಕೊಂಡ ಪುಟದಲ್ಲಿ ಬರೆದದ್ದು ಒಟ್ಟು ಒಂಬತ್ತೋ ಹತ್ತೋ ಸಾಲು. ಆದರೆ ಉಪಕರಣ ಎರಡೂ ದಿನ ಒಂದೇ ಆಗಿತ್ತು. ಬದಲಾದದ್ದು ಕೊಟ್ಟ ಕೆಲಸ, ಹಾಕಿದ ನಿಯಮ.

ಐವರ ತಪ್ಪು ಐದು ಪಟ್ಟು

ಇದರ ಇನ್ನೊಂದು ಮುಖವನ್ನು ಕಂಡದ್ದು ವಿಜಯನಗರದಲ್ಲಿ. ಹಂಪಿನಗರದ ಗ್ರಂಥಾಲಯ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆಲ್ಲ ಪರಿಚಿತ. ಬೇರೆ ಬೇರೆ ಜಿಲ್ಲೆಗಳಿಂದ ಬಂದು ಸುತ್ತಮುತ್ತ ಪಿ.ಜಿ.ಗಳಲ್ಲಿ ಉಳಿದುಕೊಂಡವರು ಬೆಳಗ್ಗೆಯೇ ಬಂದು ಜಾಗ ಹಿಡಿಯುತ್ತಾರೆ. ಅಲ್ಲಿ ಪರಿಚಯವಾದ ನಾವು ಐವರು ಇಂಗ್ಲಿಷ್ ಪ್ರಬಂಧ, ಪತ್ರಲೇಖನದ ಅಭ್ಯಾಸಕ್ಕೆ ಒಂದು ಹಂಚಿಕೆಯ ಪುಟ ಮಾಡಿಕೊಂಡೆವು. ರಾತ್ರಿ ಒಬ್ಬರು ಬರೆದದ್ದನ್ನು ಉಳಿದವರು ತಿದ್ದಬೇಕು.

ಮೂರು ವಾರದಲ್ಲಿ ಐವರ ಬರಹದಲ್ಲೂ 'ಡಿಸ್ಕಸ್ ಅಬೌಟ್' ಬಂದು ಕೂತಿತು. ಇಂಗ್ಲಿಷ್‌ನಲ್ಲಿ 'ಡಿಸ್ಕಸ್' ಆದಮೇಲೆ 'ಅಬೌಟ್' ಬೇಡ. ನಾವು ಕನ್ನಡದಲ್ಲಿ 'ಅದರ ಬಗ್ಗೆ ಚರ್ಚಿಸೋಣ' ಅನ್ನುತ್ತೇವಲ್ಲ, ಆ 'ಬಗ್ಗೆ' ಅಲ್ಲಿಗೂ ನುಗ್ಗಿತ್ತು. ಸರಿಯಾಗಿ ಬರೆದಿದ್ದ ಒಬ್ಬನನ್ನೂ ನಾವು ನಾಲ್ವರು ಸೇರಿ 'ತಿದ್ದಿ' ತಪ್ಪು ಮಾಡಿಸಿದ್ದೆವು! ಪುಟದ ಇತಿಹಾಸದಲ್ಲಿ ದಿನಾಂಕ ಸಮೇತ ಸಾಕ್ಷಿ ಇದೆ.

ಪ್ರಭು ಇದನ್ನು ಮೊದಲೇ ಹೇಳಿದ್ದರು. ಅವರು ಟಾಸ್ಕ್ ಕೊಟ್ಟರೂ ಗುಂಪು ಕೆಲಸಕ್ಕೆ ಹೆಚ್ಚು ಒತ್ತು ಕೊಡಲಿಲ್ಲ. ಕಲಿಯುವವರು ತಮ್ಮ ತಮ್ಮಲ್ಲೇ ಮಾತಾಡುತ್ತಿದ್ದರೆ ಒಬ್ಬರ ತಪ್ಪು ರೂಪ ಇನ್ನೊಬ್ಬರಲ್ಲಿ ಗಟ್ಟಿಯಾಗಬಹುದು ಎಂಬ ಆತಂಕ ಅವರಿಗಿತ್ತು. ಶಿಕ್ಷಕರ ಭಾಷೆ ಕಿವಿಗೆ ಬೀಳುತ್ತಿರಬೇಕು ಎಂಬುದು ಅವರ ನಿಲುವು. ಸಹಭಾಗಿ ಉಪಕರಣಗಳನ್ನು ಹೊಗಳುವವರು ಮರೆಯುವ ಮಾತು ಇದು. ಐದು ಜನ ಒಟ್ಟಿಗೆ ಕೂತರೆ ಐವರ ಜ್ಞಾನ ಸೇರುತ್ತದೆ ಅನ್ನುತ್ತಾರೆ. ಐವರ ತಪ್ಪೂ ಸೇರುತ್ತದೆ. ನಾವು ಕಂಡುಕೊಂಡ ಪರಿಹಾರ ಇಷ್ಟೆ: ಒಂದು ಪದಬಳಕೆಯನ್ನು ತಿದ್ದುವವರು ಒಳ್ಳೆಯ ನಿಘಂಟಿನಿಂದಲೋ ಇಂಗ್ಲಿಷ್ ಪತ್ರಿಕೆಯಿಂದಲೋ ಒಂದು ಉದಾಹರಣೆ ವಾಕ್ಯವನ್ನು ಟಿಪ್ಪಣಿಯಲ್ಲಿ ಹಾಕಬೇಕು. ಉದಾಹರಣೆ ಇಲ್ಲದಿದ್ದರೆ ತಿದ್ದುವಂತಿಲ್ಲ. ವಾರಕ್ಕೊಮ್ಮೆ ಪರಿಚಯದ ಒಬ್ಬ ನಿವೃತ್ತ ಶಿಕ್ಷಕರು ಪುಟವನ್ನು ಓದಿ ಹೇಳುತ್ತಾರೆ. ವೇಗ ಕಡಿಮೆಯಾಯಿತು, 'ಡಿಸ್ಕಸ್ ಅಬೌಟ್' ಹೋಯಿತು.

ಉದ್ಯೋಗಕ್ಕೆ ಇದರಿಂದ ಏನು?

ಕೆಲಸ ಹುಡುಕುವ ಗೆಳೆಯರಿಗೆ ನೇರ ಪ್ರಶ್ನೆ ಇದು. ಇಂದು ಸಣ್ಣ ಕಚೇರಿಗಳಲ್ಲೂ ವರದಿ, ಕೊಟೇಶನ್, ಸಭೆಯ ಟಿಪ್ಪಣಿಗಳು ಹಂಚಿಕೊಂಡ ಪುಟಗಳಲ್ಲೇ ತಯಾರಾಗುತ್ತವೆ. ಅಲ್ಲಿ ಒಳ್ಳೆಯ ಪ್ರಬಂಧ ಬರೆಯುವುದಕ್ಕಿಂತ ಇನ್ನೊಬ್ಬರು ಬರೆದದ್ದರ ಪಕ್ಕ ಎರಡು ಸಾಲು ಬರೆಯುವ ಸಂದರ್ಭ ಹೆಚ್ಚು. ನಮಗೆ ಕಷ್ಟವಾಗುವುದು ಅದೇ.

ಯೋಚಿಸಿ ನೋಡಿ. ಕನ್ನಡದಲ್ಲಿ 'ಇದನ್ನು ಬದಲಾಯಿಸಿ' ಅಂದರೆ ಗೌರವ ಆ ಕ್ರಿಯಾಪದದ ಕೊನೆಯಲ್ಲೇ ಇದೆ. 'ಬದಲಾಯಿಸು' ಅಲ್ಲ, 'ಬದಲಾಯಿಸಿ.' ಅದನ್ನೇ ಇಂಗ್ಲಿಷ್‌ಗೆ ತಂದು 'ಚೇಂಜ್ ದಿಸ್' ಎಂದು ಬರೆದರೆ ಆ ಗೌರವ ದಾರಿಯಲ್ಲೇ ಬಿದ್ದುಹೋಗುತ್ತದೆ, ಓದಿದವರಿಗೆ ಅಪ್ಪಣೆಯಂತೆ ಕೇಳುತ್ತದೆ. ಅದಕ್ಕೆ ಹೆದರಿ ಇನ್ನು ಕೆಲವರು 'ಕೈಂಡ್ಲಿ ಡೂ ದಿ ನೀಡ್‌ಫುಲ್' ಎಂದು ಅರ್ಜಿಯ ಭಾಷೆಗೆ ಇಳಿಯುತ್ತಾರೆ. ಇವೆರಡರ ನಡುವೆ 'ಕುಡ್ ವಿ ಮೂವ್ ದಿಸ್ ಅಪ್?' ಎಂಬಂಥ ಹದವಾದ ಮಾತು ಇದೆ. ಅದನ್ನು ವ್ಯಾಕರಣ ಪುಸ್ತಕದಿಂದ ಕಲಿಯುವುದು ಕಷ್ಟ. ನಿಜವಾದ ಪುಟದಲ್ಲಿ, ನಿಜವಾದ ಗೆಳೆಯನಿಗೆ ಬೇಸರವಾಗದಂತೆ, ನಿಜವಾದ ತಪ್ಪನ್ನು ಹೇಳುವಾಗ ಕಲಿಯುತ್ತೇವೆ. ನಮ್ಮ ಗುಂಪಿನಲ್ಲಿ ಒಬ್ಬ ನನ್ನ ಟಿಪ್ಪಣಿಗೆ ನೊಂದು ನಾಲ್ಕು ದಿನ ಮಾತು ಬಿಟ್ಟಿದ್ದ. 'ದಿಸ್ ಈಸ್ ರಾಂಗ್' ಅಂತ ಮೂರೇ ಪದ ಬರೆದಿದ್ದೆ. ಎದುರಿಗೆ ಕೂತು ಕನ್ನಡದಲ್ಲಿ ಹೇಳಿದ್ದರೆ ಹಾಗೆ ಹೇಳುತ್ತಿರಲಿಲ್ಲ.

ಇನ್ನು ಕೃತಕ ಬುದ್ಧಿಮತ್ತೆಯ ಮಾತು. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಎಲ್ಲವನ್ನೂ ಅದೇ ಬರೆದುಕೊಡುತ್ತದೆ, ಒಟ್ಟಿಗೆ ಕೂತು ತಿಣುಕುವುದು ಯಾಕೆ ಎಂದು ಕೇಳುವವರಿದ್ದಾರೆ. ನಮ್ಮ ಪುಟದ ಇತಿಹಾಸದಲ್ಲಿ ಇದೂ ಕಾಣುತ್ತದೆ. ಒಂದು ರಾತ್ರಿ ಮುನ್ನೂರು ಪದ ಒಂದೇ ಕ್ಷಣದಲ್ಲಿ ಬಂದು ಬಿದ್ದಿವೆ, ಒಂದು ತಪ್ಪೂ ಇಲ್ಲ. ಬರೆದವನನ್ನು ಕೇಳಿದರೆ ಅದರಲ್ಲಿದ್ದ ಎರಡು ಪದಗಳ ಅರ್ಥ ಅವನಿಗೇ ಗೊತ್ತಿರಲಿಲ್ಲ. ಸಿಕ್ಕಿಹಾಕಿಸುವುದು ನಮ್ಮ ಉದ್ದೇಶವಾಗಿರಲಿಲ್ಲ, ನಗಾಡಿ ಬಿಟ್ಟೆವು. ಆದರೆ ಶಿಕ್ಷಕರಿಗೆ ಇದರಲ್ಲೊಂದು ದಾರಿ ಇದೆ. ಕೊನೆಯ ಪ್ರಬಂಧಕ್ಕಷ್ಟೇ ಅಂಕ ಕೊಡುವ ಬದಲು ಅದು ಹಂತ ಹಂತವಾಗಿ ಹೇಗೆ ಬೆಳೆಯಿತು, ಯಾರು ಯಾವ ಪ್ರಶ್ನೆ ಕೇಳಿದರು, ಆ ಪ್ರಶ್ನೆಯಿಂದ ಏನು ಬದಲಾಯಿತು ಎಂಬುದಕ್ಕೂ ಅಂಕ ಕೊಡಬಹುದು. ಹಂಚಿಕೊಂಡ ಪುಟ ಕೊಡುವ ದೊಡ್ಡ ಅನುಕೂಲ ಇದು. ನಮ್ಮ ಕಾಲೇಜುಗಳು ಇದನ್ನೇ ಅತಿ ಕಡಿಮೆ ಬಳಸುತ್ತಿವೆ ಎಂದು ನನಗನಿಸುತ್ತದೆ.

ಉಪಕರಣ ಹಂಚಿದರೆ ಸಾಕೆ?

ರಾಜ್ಯ ಸರ್ಕಾರ 2007ರಲ್ಲಿ ಕನ್ನಡ ಮಾಧ್ಯಮ ಶಾಲೆಗಳಲ್ಲೂ ಒಂದನೇ ತರಗತಿಯಿಂದ ಇಂಗ್ಲಿಷ್ ಕಲಿಸಲು ಆರಂಭಿಸಿತು. 2019ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆಯಿತು. ಕೋವಿಡ್ ಕಾಲದಲ್ಲಿ, 2021ರಲ್ಲಿ, ಸರ್ಕಾರಿ ಪದವಿ, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳ ಒಂದೂವರೆ ಲಕ್ಷದಷ್ಟು ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಕೊಡುವ ಯೋಜನೆ ಬಂತು. ಇಂಗ್ಲಿಷ್ ಬೇಕು, ಸಾಧನ ಬೇಕು ಎಂಬುದರಲ್ಲಿ ಯಾವ ಪಕ್ಷಕ್ಕೂ ಭಿನ್ನಾಭಿಪ್ರಾಯವಿಲ್ಲ. ಅವುಗಳಿಂದ ತರಗತಿಯಲ್ಲಿ ಏನು ಮಾಡಬೇಕು ಎಂಬ ಪ್ರಶ್ನೆ ಮಾತ್ರ ಶಿಕ್ಷಕರ ಹೆಗಲಿಗೆ.

ಗ್ರಾಮೀಣ ಭಾರತದ ಮಕ್ಕಳ ಬಗ್ಗೆ 'ಅಸರ್' 2024ರ ವರದಿ ಹೇಳುವ ಒಂದು ಅಂಶ ನಗರದ ನಮಗೂ ಪಾಠ. 14ರಿಂದ 16 ವರ್ಷದವರಲ್ಲಿ ಸುಮಾರು ಶೇ 90ರಷ್ಟು ಮಕ್ಕಳ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ. ಆದರೆ ಹಿಂದಿನ ವಾರ ಅದನ್ನು ಓದಿಗೆ ಬಳಸಿದೆವು ಎಂದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದೆವು ಎಂದವರು ಶೇ 76. ಫೋನ್ ಬಳಸಲು ಬರುತ್ತದೆ ಎನ್ನುವವರಲ್ಲಿ ಹುಡುಗಿಯರು ಹುಡುಗರಿಗಿಂತ ಹಿಂದೆ ಇದ್ದಾರೆ. 'ಮನೆಯಲ್ಲಿ ಫೋನ್ ಇದೆ' ಎನ್ನುವುದಕ್ಕೂ 'ಸಂಜೆ ಏಳಕ್ಕೆ ನನ್ನ ಕೈಗೆ ಫೋನ್ ಸಿಗುತ್ತದೆ' ಎನ್ನುವುದಕ್ಕೂ ಬಹಳ ವ್ಯತ್ಯಾಸವಿದೆ. ನನ್ನ ಹೂವಿನಂಗಡಿಯ ಹುಡುಗಿಯ ಮನೆಯ ಫೋನ್ ವ್ಯಾಪಾರಕ್ಕೆ ಅಮ್ಮನ ಜೊತೆ ಹೋಗುತ್ತದೆ. ಆದ್ದರಿಂದ ಇಂಥ ಪಾಠ ಹೋಮ್‌ವರ್ಕ್ ಆಗಬಾರದು. ಶಾಲೆಯ ಹೊತ್ತಿನಲ್ಲಿ, ಶಾಲೆಯ ಲ್ಯಾಬಿನಲ್ಲಿ ನಡೆಯಬೇಕು.

ಮಕ್ಕಳ ಖಾಸಗಿತನದ ಪ್ರಶ್ನೆಯೂ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳು ಎಂದೇ ಪರಿಗಣಿಸುತ್ತದೆ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಯಾವುದೋ ಕಂಪನಿಯ ಉಪಕರಣವನ್ನು ನೆಚ್ಚಿ ಪಾಠಕ್ರಮ ಕಟ್ಟುವುದೂ ಅಪಾಯ. ಗೂಗಲ್ ಜಾಮ್‌ಬೋರ್ಡ್ ಎಂಬ ಹಂಚಿಕೆಯ ಹಲಗೆಯನ್ನು ಎಷ್ಟೋ ಶಿಕ್ಷಕರು ಕೋವಿಡ್‌ನಲ್ಲಿ ಕಷ್ಟಪಟ್ಟು ಕಲಿತರು. 2024ರ ಡಿಸೆಂಬರ್ 31ಕ್ಕೆ ಕಂಪನಿ ಅದನ್ನು ಮುಚ್ಚಿತು. ಈಥರ್‌ಪ್ಯಾಡ್‌ನಂಥ ಮುಕ್ತ ತಂತ್ರಾಂಶವನ್ನು ಲ್ಯಾಬಿನ ಒಂದೇ ಕಂಪ್ಯೂಟರ್‌ಗೆ ಹಾಕಿಕೊಂಡರೆ ಹೊರಗಿನ ಇಂಟರ್ನೆಟ್ ಇಲ್ಲದೆಯೂ ಉಳಿದ ಕಂಪ್ಯೂಟರ್‌ಗಳಿಂದ ಒಂದೇ ಪುಟದಲ್ಲಿ ಬರೆಯಬಹುದು. ಖಾತೆ ಬೇಡ, ಮಕ್ಕಳ ಮಾಹಿತಿ ಶಾಲೆ ಬಿಟ್ಟು ಹೋಗುವುದಿಲ್ಲ.

ಶಿಕ್ಷಕರೇ ಸೇರಿ ಕಟ್ಟಿದ ಮಾದರಿ ನಮ್ಮಲ್ಲೇ ಇದೆ. ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ 'ಐಟಿ ಫಾರ್ ಚೇಂಜ್' ಸಂಸ್ಥೆ ಕೈಜೋಡಿಸಿ ರೂಪಿಸಿದ 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು' ಎಂಬ ವಿಕಿ ತಾಣದಲ್ಲಿ ಸರ್ಕಾರಿ ಪ್ರೌಢಶಾಲೆಯ ಶಿಕ್ಷಕರೇ ಪಾಠ ಸಾಮಗ್ರಿ ಸೇರಿಸಿದ್ದಾರೆ. ಅಜ್ಜಿಗೆ ದಾರಿ ಹೇಳುವಂಥ ನೂರು ಟಾಸ್ಕ್‌ಗಳು, ಒಂದೊಂದು ಜಿಲ್ಲೆಯ ಬಸ್ಸು, ಸಂತೆ, ಆಸ್ಪತ್ರೆಗೆ ಹೊಂದುವಂತೆ ಅಂಥ ಜಾಗದಲ್ಲಿ ಸಿಗುವಂತಾದರೆ ಪ್ರತಿ ಹೊಸ ಶಿಕ್ಷಕಿಯೂ ನನ್ನ ಹಾಗೆ ಒಂದು ಮಗುವನ್ನು ನೋಯಿಸಿ ಕಲಿಯಬೇಕಿಲ್ಲ. ಜ್ಞಾನಭಾರತಿಯ ಇಂಗ್ಲಿಷ್ ಸಂಸ್ಥೆ ಇದಕ್ಕೆ ಮುಂದಾದರೆ ನಲವತ್ತು ವರ್ಷದ ಹಿಂದಿನ ಪ್ರಯೋಗಕ್ಕೆ ಅದು ಸರಿಯಾದ ಮುಂದುವರಿಕೆ.

ಅಲ್ಲಿಯವರೆಗೆ ನಾವು, ಓದುವವರು, ಸುಮ್ಮನೆ ಕೂರಬೇಕಿಲ್ಲ. ಮೂರ್ನಾಲ್ಕು ಗೆಳೆಯರು ಸೇರಿ ಒಂದು ಪುಟ ತೆರೆಯಿರಿ. ಒಬ್ಬರಿಗೆ ಗೊತ್ತಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲದ ವಿಷಯವನ್ನೇ ಆರಿಸಿಕೊಳ್ಳಿ. ಹೆಸರು ಹಾಕಿ ಬರೆಯಿರಿ, ಉದಾಹರಣೆ ಕೊಟ್ಟು ತಿದ್ದಿ, ನಿಮಗಿಂತ ಚೆನ್ನಾಗಿ ಬಲ್ಲ ಒಬ್ಬರಿಗೆ ವಾರಕ್ಕೊಮ್ಮೆ ತೋರಿಸಿ. ಮುಖ್ಯವಾಗಿ ವಾರದ ಕೊನೆಯಲ್ಲಿ ಪುಟದ ಇತಿಹಾಸ ತೆಗೆದು ನೋಡಿ. ಯಾರು ಹೆಚ್ಚು ಬರೆದರು ಎಂದು ನೋಡಲು ಅಲ್ಲ. ಯಾರು ಬರೆಯುವುದನ್ನು ನಿಲ್ಲಿಸಿದರು, ಯಾವ ದಿನ, ಅದರ ಹಿಂದಿನ ಟಿಪ್ಪಣಿ ಯಾರದು ಎಂದು ನೋಡಲು. ನಾನು ಈಗ ಮೊದಲು ನೋಡುವುದು ಅದನ್ನೇ.